ಕಾರು ಬರುವವರೆಗೆ

ಬಟ್ಟೆಯ ಒಂದು ಅಂಚು ಅಲ್ಲಾಡುತ್ತಿದೆ, ಎಲ್ಲಿಂದಲೋ ಗಾಳಿ, ಮೇಲೆ ಛಾವಣಿಯಲ್ಲಿ ಬಿಸಿಗಾಳಿಯ ಯಂತ್ರ ಇರಬೇಕು, ಅಂಚು ಏಳುತ್ತದೆ, ಬೀಳುತ್ತದೆ, ಕೆಳಗೆ ಚಕ್ರದ ಒಂದು ಚೂರು ಕಂಡು ಮತ್ತೆ ಮುಚ್ಚಿಕೊಳ್ಳುತ್ತದೆ — ಯಾಕಾದರೂ ಹೀಗೆ ಮುಸುಕು ಹಾಕಿ ಮಲಗಿಸುತ್ತಾರೋ, ಮಲಗಿಸುವುದಲ್ಲ, ನಿಲ್ಲಿಸುವುದು, ಕಾರನ್ನು ಯಾರಾದರೂ ಮಲಗಿಸುತ್ತಾರೆಯೇ ಗುಡ್ರೂನ್, ಬುದ್ಧಿ ಎಲ್ಲಿಟ್ಟಿದ್ದೀಯ. ಮುಂದಿನ ತಟ್ಟೆಯಲ್ಲಿ ವಾಫಲ್ ತಣ್ಣಗಾಗಿದೆ, ಅದರ ಮೇಲಿನ ಕಂದು ಚೀಸು ಬೆವತುಕೊಂಡಿದೆ, ಹೊಸ ಕಾರು ಒಯ್ಯಲು ಬಂದವರಿಗೆಲ್ಲ ಇಲ್ಲಿ ವಾಫಲ್ ಕೊಡುತ್ತಾರೆ, ಜೊತೆಗೊಂದು ಹೂಗುಚ್ಛ, ಅದನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದಾಳೆ, ಯಾರಿಗೆ ಕೊಡಬೇಕೋ ತಿಳಿಯದವಳ ಹಾಗೆ. ಓಡ್ವಾರ್ ಬರುತ್ತಿದ್ದಾನೆ, ಕಾರು ಮಾರುವವನು, ದಪ್ಪ ಮೈಯ ಒಳ್ಳೆಯ ಮನುಷ್ಯ, ಮೇ ತಿಂಗಳಿಂದ ಫೋನಿನಲ್ಲಿ ಕ್ಷಮೆ ಕೇಳುತ್ತಲೇ ಬಂದವನು — ಅಂತೂ ಬಂತಲ್ಲ, ಎಷ್ಟು ಕಾಯಿಸಿಬಿಟ್ಟೆವು ನಿಮ್ಮನ್ನ, ಬೇರೆಯವರಾಗಿದ್ದರೆ ನನ್ನ ತಲೆ ಮೇಲೆ ಹತ್ತಿ ಕೂತಿರೋರು, ನಿಮ್ಮಷ್ಟು ತಾಳ್ಮೆ ಇರೋರನ್ನ ನಾನು ನೋಡೇ ಇಲ್ಲ. ತಾಳ್ಮೆಯಂತೆ. ಅವಳು ನಗುತ್ತಾಳೆ, ನಗದೆ ಇನ್ನೇನು ಮಾಡುವುದು, ಈ ಕಾರು ಬರದೇ ಇರಲಿ ಎಂದು ಅವಳು ಬೇಡಿಕೊಂಡ ಹಾಗೆ ಈ ಊರಿನಲ್ಲಿ ಯಾರೂ ಏನನ್ನೂ ಬೇಡಿಕೊಂಡಿರಲಿಕ್ಕಿಲ್ಲ. ಒಂದು ನಿಮಿಷ, ಒಂದು ಸಹಿ ಬಾಕಿ ಇದೆ, ಬಂದೆ, ಎಂದು ಅವನು ಮತ್ತೆ ಒಳಗೆ ಹೋಗುತ್ತಾನೆ.

ಆಗಲಿ, ಇನ್ನೊಂದು ನಿಮಿಷ. ಮಾರ್ಚಿನಲ್ಲಿ, ಹಿತ್ತಲಿನ ಹಿಮ ಇನ್ನೂ ಕರಗಿರಲಿಲ್ಲ, ಅವಳ ಗಂಡ ಹಾಲ್ವರ್ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಾನೆ, ಅವನ ಪಾಲಿನದನ್ನು ನೀರು ಬದಲಿಸಿ ಬದಲಿಸಿ ಬೇಯಿಸಬೇಕು, ಉಪ್ಪಿಲ್ಲ, ರುಚಿಯೆಲ್ಲ ನೀರಿಗೆ ಹೋಗಿ ಉಳಿಯುವುದು ಬರೀ ಹಿಟ್ಟು, ತಲೆ ಎತ್ತದೆ ಹೇಳುತ್ತಾನೆ, ಗುಡ್ರೂನ್, ನಾನಿನ್ನು ಆಸ್ಪತ್ರೆಗೆ ಹೋಗೋದು ನಿಲ್ಲಿಸ್ತೀನಿ ಕಣೆ. ಸೋಮವಾರ, ಬುಧವಾರ, ಶುಕ್ರವಾರ, ಬಾಗಿಲಿಗೆ ಟ್ಯಾಕ್ಸಿ, ಲಾಂಚಿನಲ್ಲಿ ಫ್ಯೋರ್ಡಿನ ಕಡಲ ತೋಳು ದಾಟಿ ಪಟ್ಟಣ, ಎಡತೋಳಿಗೆ ದಪ್ಪ ಸೂಜಿಗಳು, ಮೈಯ ರಕ್ತವೆಲ್ಲ ಹೊರಗೆ ಹೋಗಿ ಯಂತ್ರದಲ್ಲಿ ತೊಳೆದುಕೊಂಡು ಬರಬೇಕು, ಅವನ ಮೂತ್ರಪಿಂಡಗಳು ಕೈಚೆಲ್ಲಿ ಕೂತಾಗಿನಿಂದ ಡಯಾಲಿಸಿಸ್ ಎಂಬ ಈ ಅಗಸನ ಕೆಲಸ ತಪ್ಪಿದ್ದಲ್ಲ, ಸಂಜೆ ಬಂದವನೇ ಬಚ್ಚಲಿಗೆ ಹೋಗಿ ವಾಂತಿ, ಮರುದಿನ ಗೋಡೆಗೆ ಮುಖ ಮಾಡಿ ಮಲಗುವುದು, ಅದರ ಮರುದಿನ ಮತ್ತೆ ಟ್ಯಾಕ್ಸಿ. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು, ಅದು ಅವರ ಇಷ್ಟ, ಯಾರೂ ಬಲವಂತ ಮಾಡೋ ಹಾಗಿಲ್ಲ, ನೀವೇನೂ ಮಾಡಬೇಕಾಗಿಲ್ಲ, ಬರದೇ ಇದ್ದರೆ ಆಯಿತು, ಒಂದೆರಡು ವಾರ, ನಿದ್ದೆ ಜಾಸ್ತಿ ಆಗ್ತಾ ಹೋಗುತ್ತೆ ಅಷ್ಟೆ. ಅಷ್ಟೆ ಅನ್ನುವಾಗ ಅವಳು ಪೆನ್ನಿನ ಮುಚ್ಚಳ ಹಾಕಿದ್ದಳು. ಮನೆಗೆ ಬಂದು ಗುಡ್ರೂನ್ ಪಾತ್ರೆ ಕುಕ್ಕಿದಳು, ಅತ್ತಳು, ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿನಗೆ ಅಂದಳು, ನಿನ್ನನ್ನೇ ತಾನೆ ಕೇಳ್ತಿರೋದು ಅಂದ ಅವನು, ಬೇಡ ಅಂತ ಹೇಳಿದರೆ, ಅಂದಳು, ಅವನು ಹೇಳಿದ, ಕಾರಿಗೆ ಹೇಳಿದ್ದೀವಲ್ಲ, ಅದೊಂದು ಬರಲಿ. ಆಯಸ್ಸೆಲ್ಲ ಲಾಂಚಿನ ಇಂಜಿನ್ ಕೋಣೆಯಲ್ಲಿ ಕಿವಿ ಕೆಡಿಸ್ಕೊಂಡೋನು ನಾನು, ಸದ್ದೇ ಇಲ್ದೆ ಓಡೋದು ಹೆಂಗಿರುತ್ತೆ ಅಂತ ಒಂದು ಸಲ ಓಡಿಸಿ ನೋಡ್ತೀನಿ, ಅಲ್ಲೀವರೆಗೆ ಹೋಗ್ತೀನಿ, ಆಮೇಲೆ ಸಾಕು ಅನ್ನು. ಸಾಕು ಎಂದು ಅವಳು ಇವತ್ತಿನವರೆಗೂ ಅಂದಿಲ್ಲ. ಆದರೆ ಅವನು ಮಾತು ಕೊಟ್ಟಾಗಿತ್ತು, ಹಾಲ್ವರ್ ಮಾತಿಗೆ ತಪ್ಪುವವನಲ್ಲ.

ಹಾಗಾಗಿ ಎಲ್ಲವೂ ಈ ಗಾಡಿಯ ಮೇಲೆ ನಿಂತಿತು, ಎಲ್ಲೋ ಕಾರ್ಖಾನೆಯಲ್ಲಿ ಯಾರೋ ಬಿಗಿಯುತ್ತಿದ್ದ ತಿರುಪುಗಳ ಮೇಲೆ. ಮೇ ತಿಂಗಳಲ್ಲಿ ಮೊದಲ ಸಂದೇಶ ಬಂತು, ಹಡಗು ತಡವಾಗಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಅವಳು ಒಣಹಾಕುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು ಮೆಟ್ಟಿಲ ಮೇಲೆ ಕೂತು ನಕ್ಕಳು, ಒಬ್ಬಳೇ, ಬೇಲಿಯ ಆಚೆಯಿಂದ ಪಕ್ಕದ ಮನೆಯ ಬ್ಯಾರ್ನೆ ಇಣುಕಿದ — ಏನು, ಇನ್ನೂ ಬಂದಿಲ್ವಾ ನಿಮ್ಮ ಬ್ಯಾಟರಿ ಗಾಡಿ, ಫೋನ್ ಹಚ್ಚಿ ಸರಿಯಾಗಿ ಉಗಿ ಅವರಿಗೆ, ನನ್ನ ಹಾಗೆ ಡೀಸೆಲ್ ತಗೊಂಡಿದ್ರೆ ಇಷ್ಟೊತ್ತಿಗೆ ಎರಡು ಸಲ ಆಯಿಲ್ ಬದಲಾಯಿಸಿರ್ತಿದ್ದೆ ನೀನು. ಉಗೀತೀನಿ ಬಿಡು, ಅಂದಳು. ಜೂನ್ ಬಂತು, ರಾತ್ರಿಯೇ ಇಲ್ಲದ ಜೂನ್, ಇನ್ನೇನು ಬಂದೇಬಿಟ್ಟಿತು ಎಂದ ಓಡ್ವಾರ್, ಅವಳು ಖಾಲಿ ದೋಣಿಮನೆಯ ಹಿಂದೆ ಹೋಗಿ ಕಳ್ಳಿಯ ಹಾಗೆ ದನಿ ತಗ್ಗಿಸಿ ಅವನಿಗೆ ಫೋನ್ ಮಾಡಿದಳು, ಬಿಳಿ ಬೇಡ, ನೀಲಿ ಬೇಕು. ಈಗ ಬಣ್ಣ ಬದಲಾಯಿಸಿದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಗುತ್ತಲ್ಲ, ಬೇಸಿಗೆಯೆಲ್ಲ ಹೋಗುತ್ತೆ. ಹೋಗಲಿ, ನನಗೆ ಬಿಳಿ ಕಂಡರಾಗಲ್ಲ. ಬಿಳಿ ಕಂಡರಾಗದವಳು, ಬಿಳಿ ಮನೆಯಲ್ಲಿ, ಬಿಳಿ ಬೇಲಿಯ ಒಳಗೆ, ಅರ್ಧ ವರ್ಷ ಹಿಮದಲ್ಲೇ ಬದುಕುವವಳು. ಕಾರು ಇನ್ನೂ ತಡವಂತೆ ಎಂದಾಗ ಹಾಲ್ವರ್ ಹೌದಾ ಎಂದನಷ್ಟೆ, ಕೆದಕಲಿಲ್ಲ, ಬುಧವಾರ ಟ್ಯಾಕ್ಸಿ ಹತ್ತಿದ, ಶುಕ್ರವಾರ ಹತ್ತಿದ, ಬೋಗುಣಿ ಹಿಡಿದು ಅವನ ಬೆನ್ನು ಸವರುವಾಗ ಅವಳಿಗೆ ಗೊತ್ತಿತ್ತು, ಇದು ನನ್ನ ವಾಂತಿ, ನೀಲಿ ಬೇಕೆಂದು ನಾನು ತರಿಸಿದ್ದು, ಈ ಮನುಷ್ಯನನ್ನು ನಾನೇ ಹಿಡಿದು ಹಿಂಸೆಪಡಿಸುತ್ತಿದ್ದೇನೆ, ಆದರೂ ಬಿಡಲಾರೆ. ಅವನು ಮಲಗಿದ ಮೇಲೆ ಅವನ ತೋಳಿನ ಮೇಲೆ ಅಂಗೈ ಇಡುತ್ತಾಳೆ, ಸೂಜಿ ಚುಚ್ಚಲೆಂದು ನಾಳಕ್ಕೆ ನಾಳ ಕೂಡಿಸಿ ಹೊಲಿದ ಜಾಗ, ಚರ್ಮದ ಕೆಳಗೆ ರಕ್ತ ಗುಂಯ್ ಎನ್ನುತ್ತಿರುತ್ತದೆ, ಇದೊಂದು ಇಂಜಿನ್ ಇನ್ನೂ ಓಡ್ತಿದೆ ನೋಡು, ಎಂದು ಅವನು ಎಚ್ಚರವಿದ್ದಾಗ ತಮಾಷೆ ಮಾಡುತ್ತಿದ್ದ. ಅವಳು ಒಮ್ಮೆಯೂ ನಕ್ಕಿರಲಿಲ್ಲ.

ಬನ್ನಿ, ಎಂದ ಓಡ್ವಾರ್, ಈ ಕಡೆ ಅಂಚು ನೀವು ಹಿಡೀರಿ, ಎಳೀರಿ, ಬಟ್ಟೆ ನುಣ್ಣಗೆ ಜಾರಿ ನೆಲಕ್ಕೆ ಬಿತ್ತು, ನೀಲಿ, ನಿಜಕ್ಕೂ ನೀಲಿ, ಅವಳು ಬಾಯಿಗೆ ಬಂದ ಬಣ್ಣ ಹೇಳಿದ್ದಳು, ಅದು ಹೀಗೆ ಬಂದು ನಿಂತಿದೆ. ಸುತ್ತು ಬಂದಳು, ನೋಡಬೇಕಲ್ಲ, ಅವನು ಎಷ್ಟು ಆಸೆಯಿಂದ ತೋರಿಸುತ್ತಿದ್ದಾನೆ, ಹಿಂದೆ, ಬಂಪರಿನ ಕೆಳಗೆ, ಕಬ್ಬಿಣದ ಕೊಕ್ಕೆ. ಇದೇನು, ಇದು ನಾನು ಹೇಳಿರಲಿಲ್ಲ, ಬೇರೆಯವರ ಕಾರು ಇರಬೇಕು ನೋಡಿ. ಇಲ್ಲ ಇಲ್ಲ, ನಿಮ್ಮ ಹಾಲ್ವರ್ ಹಾಕಿಸಿದ್ದು ಅದು, ಸೆಪ್ಟೆಂಬರಿನಲ್ಲಿ ಫೋನ್ ಮಾಡಿದ್ದರಲ್ಲ, ಕಾರು ಆಗಲೇ ಹಡಗಿಂದ ಇಳಿದಿತ್ತು, ದೋಣಿ ಎಳೆಯೋಕೆ ಕೊಕ್ಕೆ ಬೇಕು ಅಂದರು, ಅದು ತರಿಸೋದು ತಡವಾಗುತ್ತೆ ಅಂದೆ, ಎಷ್ಟು ತಡ ಅಂತ ಎರಡೆರಡು ಸಲ ಕೇಳಿದರು, ಆಗಲಿ ಪರವಾಗಿಲ್ಲ, ಹೆಂಡ್ತಿಗೆ ಮಾತ್ರ ಹೇಳಬೇಡಿ ಅಂದರು, ಏನೋ ಹುಟ್ಟುಹಬ್ಬದ ಉಡುಗೊರೆ ಇರಬೇಕು ಅಂದುಕೊಂಡೆ ನಾನು. ದೋಣಿ. ದೋಣಿಯನ್ನು ಹೋದ ವರ್ಷವೇ ಬ್ಯಾರ್ನೆಗೆ ಮಾರಿದ್ದಾರೆ, ಅದು ಬ್ಯಾರ್ನೆಯ ಅಂಗಳದಲ್ಲಿ ಬೋರಲು ಬಿದ್ದಿದೆ, ಎಳೆಯಲು ಈ ಮನೆಯಲ್ಲಿ ಏನೂ ಇಲ್ಲ. ಎಷ್ಟು ತಡ ಎಂದು ಎರಡೆರಡು ಸಲ ಕೇಳಿದನಂತೆ — ಅವಳು ಕಾರಿನ ಬೆನ್ನಿಗೆ ಕೈಯೂರಿ ನಿಂತಳು, ಅವನೂ ಮುಂದೂಡುತ್ತಿದ್ದ, ನನ್ನ ಹಾಗೇ ಕದ್ದು, ನನ್ನ ಹಾಗೇ ಸುಳ್ಳು ಹೇಳಿ, ಅಂದರೆ ಅವನಿಗೂ ಬೇಕು, ಬದುಕಿರಬೇಕು ಅನ್ನಿಸಿದೆ, ಬಾಯಿಬಿಟ್ಟು ಹೇಳಲಾರ ಅಷ್ಟೆ, ಒಂದು ಸಲ ಸಾಕೆಂದು ಹೇಳಿಬಿಟ್ಟವನು ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾಚುತ್ತಿದ್ದಾನೆ. ಓಡ್ವಾರ್ ಅವಳನ್ನು ಕೂರಿಸಿದ, ಸೀಟು, ಕನ್ನಡಿ, ಪರದೆಯ ಮೇಲೆ ದಾರಿಯ ನಕ್ಷೆ, ಹೂಂ ಹೂಂ ಎನ್ನುತ್ತಿದ್ದಾಳೆ, ಶುರು ಮಾಡೋದು ಹೇಗೆ, ಶುರುವಾಗೇ ಇದೆಯಲ್ಲ, ನೀವು ಕೂತಾಗಲೇ ಶುರುವಾಯ್ತು, ಮತ್ತೆ ಆಫ್ ಮಾಡೋದು, ಆಫ್ ಮಾಡೋದು ಅಂತ ಏನಿಲ್ಲ, ನೀವೇನೂ ಮಾಡಬೇಕಾಗಿಲ್ಲ, ಎದ್ದು ಹೋದರೆ ಆಯಿತು, ಸೀಟಿಗೆ ಗೊತ್ತಾಗುತ್ತೆ. ಈ ಮಾತನ್ನು ಅವಳು ಮೊದಲೇ ಕೇಳಿದ್ದಾಳೆ, ಬೇರೆ ಕೋಣೆಯಲ್ಲಿ, ಪೆನ್ನಿನ ಮುಚ್ಚಳ ಹಾಕುತ್ತಿದ್ದವಳ ಬಾಯಲ್ಲಿ. ಎದ್ದು ನೋಡಿದಳು. ಖಾಲಿ ಸೀಟಿನ ಮುಂದೆ ಪರದೆ ಒಂದು ಉಸಿರಿನಷ್ಟು ಹೊತ್ತು ಬೆಳಗಿತು, ಆಮೇಲೆ ಕಪ್ಪಾಯಿತು, ಸದ್ದಿಲ್ಲ ಸುದ್ದಿಯಿಲ್ಲ. ಮತ್ತೆ ಕೂತಳು, ಬೆಳಕು ಬಂತು. ಓಡ್ವಾರ್ ಏನಂದುಕೊಂಡನೋ, ಅವಳು ಇನ್ನೊಂದು ಸಲ ಎದ್ದು ನೋಡಿದಳು.

ರಸ್ತೆಯಲ್ಲಿ ಕಾಲು ಎತ್ತಿದರೆ ತಾನೇ ನಿಧಾನವಾಗುತ್ತದೆ, ಚಕ್ರದಡಿ ಜಲ್ಲಿಯ ಸದ್ದೊಂದೇ, ಹೂಗುಚ್ಛ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದೆ, ನವೆಂಬರಿನ ಮಧ್ಯಾಹ್ನ ಆಗಲೇ ಬೂದಿಯ ಬಣ್ಣಕ್ಕೆ ತಿರುಗಿದೆ. ನಾಳೆ ಶುಕ್ರವಾರ. ನಾಳೆ ಟ್ಯಾಕ್ಸಿ ಬೇಡ ಅನ್ನುತ್ತೇನೆ, ನಾನೇ ಕರೆದೊಯ್ಯುತ್ತೇನೆ, ಹೊರಡುವ ಮೊದಲೇ ಕಾರು ಬೆಚ್ಚಗೆ ಮಾಡಿಟ್ಟು, ಹಿಂದಕ್ಕೆ ಒರಗಿಸಿ ಮಲಗಿಸಿ, ಡೀಸೆಲ್ ವಾಸನೆ ಇಲ್ಲ, ಅಲುಗಾಟ ಇಲ್ಲ, ಬರುವಾಗ ವಾಂತಿಯೂ ಕಡಿಮೆಯಾದೀತು, ಆಸ್ಪತ್ರೆಯ ಮುಂದೆ ಇದನ್ನೂ ಒಂದು ಕಂಬಕ್ಕೆ ಸಿಕ್ಕಿಸಿಡುತ್ತೇನೆ, ಇಬ್ಬರೂ ಚಾರ್ಜ್ ಆಗಿ ಬನ್ನಿ ಎನ್ನುತ್ತೇನೆ, ನಗುತ್ತಾನೆ, ನಕ್ಕೇ ನಗುತ್ತಾನೆ. ಲಾಂಚಿನ ಕಬ್ಬಿಣದ ಹಲಗೆ ಹತ್ತಿ ನಿಲ್ಲಿಸಿದಳು, ಲಾಂಚೂ ಈಗ ಬ್ಯಾಟರಿಯದೇ, ಹಾಲ್ವರ್‌ನ ಕಾಲದಲ್ಲಿ ನೆಲ ನಡುಗುತ್ತಿತ್ತು, ಚಹಾ ಲೋಟ ಕುಣಿಯುತ್ತಿತ್ತು, ಮದುವೆಯಾದ ಹೊಸದರಲ್ಲಿ ಕೆಳಗೆ ಇಂಜಿನ್ ಕೋಣೆಗೆ ಬುತ್ತಿ ಒಯ್ದರೆ ಅವನು ಕೂಗಿ ಹೇಳಿದ್ದೂ ಕೇಳಿಸುತ್ತಿರಲಿಲ್ಲ, ಏನೇನು ಹೇಳಿದ್ದನೋ, ಎಷ್ಟೋ ಒಳ್ಳೆಯ ಮಾತುಗಳು ಆ ಸದ್ದಿನಲ್ಲಿ ಹೋಗಿರಬಹುದು. ಗಾಳಿಗೆಂದು ಇಳಿದಳು. ಗಾಜಿನ ಆಚೆ ಖಾಲಿ ಸೀಟು, ಬೆಳಗುತ್ತಿರುವ ಪರದೆ, ಆಮೇಲೆ ಕಪ್ಪು. ಅವಳು ಆತುರದಿಂದ ಬಾಗಿಲು ತೆಗೆದು ಒಳಗೆ ಕೂತಳು, ಲಾಂಚ್ ದಡ ಮುಟ್ಟುವವರೆಗೆ ಮತ್ತೆ ಏಳಲಿಲ್ಲ.

ಅವನು ಬೇಲಿಯ ಹತ್ತಿರ ನಿಂತಿದ್ದ, ಬೂಟು ಹಾಕಿ, ಟೋಪಿ ಹಾಕಿ, ಎಷ್ಟು ಹೊತ್ತಿನಿಂದಲೋ, ಮುಖ ಮೇಣದ ಬಣ್ಣ, ಓ ನೀಲಿ, ಅಂದ, ಚೆನ್ನಾಗಿದೆ, ಜರುಗು ಆಚೆ. ಅವಳು ಹೂಗುಚ್ಛವನ್ನು ತೊಡೆಗೆ ತೆಗೆದುಕೊಂಡು ಪಕ್ಕಕ್ಕೆ ಜರುಗಿದಳು, ಅವನು ಕೂತು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಹೊರಟ, ಫ್ಯೋರ್ಡಿನ ಅಂಚಿನ ರಸ್ತೆ, ಮೀನು ಒಣಹಾಕುವ ಅಟ್ಟಗಳು, ಇಗರ್ಜಿ, ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡ, ಮತ್ತೆ ಹಾಕಿಕೊಂಡ, ಎರಡೂ ಒಂದೇ ಕಣೆ, ಅಂದ, ಏನೂ ಇಲ್ಲ, ನೀರಿನ ಮೇಲೆ ಇಂಜಿನ್ ನಿಲ್ಲಿಸಿ ತೇಲಿಬಿಟ್ಟ ಹಾಗೆ. ಅವನು ಸಂತೋಷವಾಗಿದ್ದ, ಅದು ಅವಳಿಗೆ ಕಾಣುತ್ತಿತ್ತು, ಮಾರ್ಚಿನಿಂದ ಅವನ ಮುಖದಲ್ಲಿ ಇಷ್ಟು ಬೆಳಕು ನೋಡಿರಲಿಲ್ಲ. ಇಗರ್ಜಿಯ ಮುಂದೆ ತಿರುಗಿಸಿ, ಬಂದ ದಾರಿಯಲ್ಲೇ ಬಂದು ಅಂಗಳದಲ್ಲಿ ನಿಲ್ಲಿಸಿದ. ಕೊಕ್ಕೆ ನೋಡಿದೆ, ಅಂದಳು. ಹೂಂ. ದೋಣಿ ಎಲ್ಲಿದೆ ಹಾಲ್ವರ್. ಬ್ಯಾರ್ನೆ ಹತ್ತಿರ. ಮತ್ತೆ ಕೊಕ್ಕೆ ಯಾತಕ್ಕೆ, ನಿನಗೂ ಇರಬೇಕು ಅನ್ನಿಸಿತ್ತು ಅಲ್ವಾ, ಹೇಳು, ಅದರಲ್ಲಿ ನಾಚಿಕೆ ಏನು, ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಅವನು ಪರದೆಯನ್ನೇ ನೋಡುತ್ತಾ ಹೇಳಿದ, ಕಾರು ಯಾವಾಗ ಬರುತ್ತೆ ಅಂತ ಕೇಳೋಕೆ ಫೋನ್ ಮಾಡಿದ್ದೆ ಕಣೆ, ನೀಲಿದು ಬಂದಿದೆ ಅಂದ ಓಡ್ವಾರ್, ನೀಲಿ ಯಾರು ಹೇಳಿದ್ದು ಅಂದೆ. ಆಗ ಗೊತ್ತಾಯ್ತು, ಸಾಕು ಅನ್ನೋಕೆ ನಿನ್ನ ಕೈಲಿ ಇನ್ನೂ ಆಗ್ತಿಲ್ಲ ಅಂತ. ಇನ್ನೊಂದು ಸ್ವಲ್ಪ ದಿನ ತಡೆದರೆ ಆದೀತು ಅಂತ ಕೊಕ್ಕೆ ಹೇಳಿದೆ, ಇನ್ನೇನು ಹೇಳಬೇಕು ಅಂತ ಹೊಳೀಲಿಲ್ಲ. ನನಗೋಸ್ಕರವಾ. ನಿನಗೋಸ್ಕರ. ನಿನಗೆ ಬೇಡವಾಗಿತ್ತಾ ಹಾಗಾದರೆ. ನೀನು ಬೇಕಾಗಿತ್ತು, ಸೂಜಿ ಬೇಡವಾಗಿತ್ತು. ಟ್ಯಾಕ್ಸಿಯೋನಿಗೆ ನಾನೇ ಫೋನ್ ಮಾಡ್ತೀನಿ, ನಾಳೆ ಬರೋದು ಬೇಡ ಅಂತ. ಅವಳು ಬಾಯಿ ತೆರೆದಳು, ಹಸಿರು ಬೇಕಾಗಿತ್ತು ನನಗೆ, ನೀಲಿ ಅಲ್ಲ, ವಾಪಸು ಕೊಟ್ಟುಬಿಡೋಣ, ಎಂದು ಹೇಳಬೇಕೆಂದಿದ್ದಳು, ಸಾಕು ಎಂದು ಬಂತು, ಸಾಕು ಹಾಲ್ವರ್, ತನ್ನ ದನಿಯೇ, ಅಷ್ಟು ಸಣ್ಣದಾಗಿ. ಅವನು ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ, ಬಾಗಿಲು ತೆರೆಯಿತು, ತಂಪು ಗಾಳಿ ನುಗ್ಗಿತು, ಎದ್ದ, ಮನೆಯ ಕಡೆ ಹೊರಟ, ನಿಧಾನ, ಬೇಲಿ ಹಿಡಿದು, ಒಂದು ಸಲವೂ ತಿರುಗಿ ನೋಡದೆ — ಪರದೆ ಬೆಳಗುತ್ತಿದೆ, ಸೀಟು ಖಾಲಿ, ಒಂದು ಉಸಿರು, ಇನ್ನೇನು ಕಪ್ಪಾಗಬೇಕು, ಹೂಗುಚ್ಛ ಕೆಳಗೆ ಬಿತ್ತು, ಅವಳು ಬಾಗಿ ಎರಡೂ ಅಂಗೈಗಳನ್ನು ಅವನು ಕೂತಿದ್ದ ಜಾಗದ ಮೇಲೆ ಊರಿದಳು, ಮೈಯ ಭಾರವೆಲ್ಲ ಹಾಕಿ, ಸೀಟು ಇನ್ನೂ ಬೆಚ್ಚಗಿದೆ, ಯಾರೋ ಕೂತಿದ್ದಾರೆಂದು ಅದು ನಂಬಿದೆ, ಬೆಳಕು ಇದೆ, ತೋಳು ನಡುಗುತ್ತಿದೆ, ಬೆಳಕು ಇದೆ, ಒತ್ತಿ ಹಿಡಿದಿದ್ದಾಳೆ, ಬೆಳಕು ಇನ್ನೂ ಇದೆ