ಲಿವರಿನ ನಾಲಿಗೆ

ಜಗಳೂರಿನ ಸಂತೆಯಲ್ಲಿ ನಾನು ಕುರಿ ಮಾರಲು ಕೂಗಿದರೆ ದಾವಣಗೆರೆಯಲ್ಲಿ ಮಲಗಿದವರು ಎದ್ದು ಕೂರುತ್ತಾರೆ. ಈ ಉಚ್ಚಂಗೆಪ್ಪನ ನಾಲಿಗೆ ಅಂಥದ್ದು. ಹೊಟ್ಟೆಯೊಳಗೆ ಇನ್ನೊಂದು ನಾಲಿಗೆ ಇರುವುದು ಮಾತ್ರ ಮೊನ್ನೆ ಮೊನ್ನೆ ಗೊತ್ತಾಯಿತು.

ಸವಳಂಗಕ್ಕೆ ಕೊಟ್ಟಿದ್ದ ನನ್ನ ತಂಗಿ ದುರ್ಗಾಂಬಿಕಾಳ ಲಿವರ್ ಪೂರ್ತಿ ಕೆಟ್ಟು ಮೈ ಕಣ್ಣೆಲ್ಲ ಹಳದಿಯಾಗಿತ್ತು. ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು, ಕೊಟ್ಟವರದು ಮತ್ತೆ ಬೆಳೆಯುತ್ತದೆ ಎಂದರು ಬೆಂಗಳೂರಿನ ಡಾಕ್ಟರು. ಅವಳ ಗಂಡ ಓಬಳೇಶನ ರಕ್ತ ಹೊಂದಲಿಲ್ಲ. ನನ್ನದನ್ನು ಕಂಡು ಮಿಷನ್ನೇ ಎದ್ದು ನಿಂತು ಕೈ ಮುಗಿಯಿತು.

“ಈ ಸಲ ನಿನ್ನ ಉಡೀಗೆ ಅಕ್ಕಿ, ಕೊಬ್ರಿ ಹಾಕಲ್ಲ ತಂಗೀ. ತವರುಮನೆಯಿಂದ ಬಿಸಿಬಿಸಿ ಲಿವರ್!”

“ಉಪ್ಪು ಖಾರ ಹಚ್ಚಬ್ಯಾಡಣ್ಣ,” ಎಂದು ನಕ್ಕಳು.

ಸ್ಕ್ಯಾನ್ ಆಯಿತು. ಡಾಕ್ಟರ್ ಪ್ರೇಮಲತಾ ಪರದೆ ತೋರಿಸಿದರು. “ನಿಮ್ಮ ಲಿವರಿನ ಬಲಭಾಗ ನಾಲಿಗೆಯ ಹಾಗೆ ಕೆಳಗಿಳಿದಿದೆ. ಕೆಲವರಿಗೆ ಹುಟ್ಟಿನಿಂದಲೇ ಹೀಗಿರುತ್ತದೆ. ಆದರೆ...”

ಆ ‘ಆದರೆ’ ಮುಗಿಯುವಷ್ಟರಲ್ಲಿ ನಾನು ವಾರ್ಡಿನಲ್ಲಿದ್ದೆ. “ದುರ್ಗೀ, ನನ್ನ ಲಿವರಿಗೂ ನಾಲಿಗೆ ಐತಂತೆ! ಇಬ್ಬರು ಉಂಡು ಮಿಗ್ತೈತೆ!” ಸಂಜೆಯೊಳಗೆ ಜಗಳೂರಿಗೆಲ್ಲ ಸುದ್ದಿ, ನನಗೆ ಎರಡು ಲಿವರ್ ಅಂತ. ಎಷ್ಟೋ ದಿನದಿಂದ ಗಂಜಿಯೂ ಬೇಡವೆನ್ನುತ್ತಿದ್ದ ದುರ್ಗಿ ಅಂದು ಮಂಡಕ್ಕಿ ಮೆಣಸಿನಕಾಯಿ ಕೇಳಿದಳು.

ಮರುದಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಉಳಿದದ್ದನ್ನು ಹೇಳಿದರು. ಬಲಭಾಗ ದೊಡ್ಡದಾದಷ್ಟೂ ನನ್ನ ಎಡಭಾಗ ಕಿರಿದು. ಬಲದ್ದನ್ನು ತೆಗೆದರೆ ಉಳಿದದ್ದರಲ್ಲಿ ನಾನು ಬದುಕುವುದಿಲ್ಲ. ಎಡದ್ದನ್ನು ಕೊಟ್ಟರೆ ಅವಳು ಉಳಿಯುವುದಿಲ್ಲ.

“ಆ ನಾಲಿಗೇನಾದ್ರೂ ಕೊಯ್ಕಳ್ರೀ ಮೇಡಂ.”

“ಅದೊಂದನ್ನೇ ಕತ್ತರಿಸಿ ಜೋಡಿಸಲು ಬರುವುದಿಲ್ಲ ಉಚ್ಚಂಗೆಪ್ಪ. ತೀರಿಕೊಂಡವರ ಲಿವರಿಗೆ ಹೆಸರು ಬರೆಸಿದ್ದೇವೆ. ಸರದಿ ಬರುವವರೆಗೆ ನಿಮ್ಮ ತಂಗಿ ತಡೆಯುವುದು ಕಷ್ಟ.”

ವಾರ್ಡಿಗೆ ಹೋಗಿ ಸುಮ್ಮನೆ ನಿಂತೆ.

“ನೀನು ಸುಮ್ಮನಿದ್ದೀಯ ಅಂದ್ರೆ ಮುಗೀತು ಬಿಡು,” ಎಂದಳು ದುರ್ಗಿ. “ಊರಿಗೆ ಹೋಗಾನ ನಡಿ. ಉಡೀಗೆ ಅಕ್ಕೀನೇ ಹಾಕ್ರಿ.”

ಸವಳಂಗದಲ್ಲಿ ನನ್ನ ಹೆಂಡತಿ ಚೌಡಕ್ಕ ಅರಿಶಿನ, ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಮಂಚದ ಬಳಿ ಕೂತಳು.

“ಅರಿಶಿನ ಬ್ಯಾಡತ್ತಿಗೆ, ಮೈತುಂಬ ಐತೆ.” ದುರ್ಗಿ ನನ್ನ ಕಡೆ ತಿರುಗಿದಳು. “ಅಣ್ಣ, ಆ ನಾಲಿಗೆ ಎಷ್ಟುದ್ದ ಐತೆ?”

“ಜಗಳೂರಿಂದ ಸವಳಂಗದ ಗಂಟ, ತಂಗೀ.”

“ಅಷ್ಟುದ್ದ ಇದ್ರೂ ನನ್ನ ಮುಟ್ಲಿಲ್ಲ ನೋಡು.”

ಸೆರಗೊಡ್ಡಿದಳು. ಹಿಡಿಯುವ ಶಕ್ತಿ ಇರಲಿಲ್ಲ. ಅಕ್ಕಿ ಮಂಚದ ಕೆಳಗೆಲ್ಲ ಚೆಲ್ಲಿತು.