ಕೂಗುವ ಕೆಲಸ

ನಿವೃತ್ತನಾದ ಮೇಲೆ ಕಂಡಕ್ಟರನ ಮಾತಿಗೆ ಸಿಕ್ಕವಳು ಹೆಂಡತಿ ಒಬ್ಬಳೇ. ಬಸ್ಸಿನ ತುಂಬಾ ಹಂಚಿಹೋಗುತ್ತಿದ್ದದ್ದೆಲ್ಲ ಈಗ ಒಬ್ಬಳ ಕಿವಿಗೆ ಬೀಳತೊಡಗಿತು. ಒಂದು ದಿನ ಅವಳು ಕೈಮುಗಿದು, "ರೀ, ನಿಮ್ಮ ಬಾಯಿಗೆ ಎಲ್ಲಾದ್ರೂ ಒಂದು ಕೆಲಸ ಹುಡುಕಿ" ಅಂದಳು. ಹಾಗೆ ಅವನು ಧರ್ಮಾಸ್ಪತ್ರೆಗೆ ಸ್ವಯಂಸೇವಕನಾಗಿ ಸೇರಿದ.

ಆಸ್ಪತ್ರೆ ಅಂದರೆ ಹಿಂದೆ ಸಿಮೆಂಟ್ ಗೋದಾಮಾಗಿದ್ದ ಉದ್ದನೆಯ ಕಟ್ಟಡ. ತಗಡಿನ ಸೂರಿನ ಕೆಳಗೆ ಬಿಳಿ ಬಟ್ಟೆ ಎಳೆದು ಕಟ್ಟಿದ್ದರು. ಹೊರಗಿನಿಂದ ಡಾಕ್ಟರುಗಳು ಆಗಾಗ ಬಂದು, ಒಂದು ವಾರ ಬಿಡುವಿಲ್ಲದೆ ಆಪರೇಷನ್ ಮಾಡಿ ಹೊರಟುಹೋಗುತ್ತಿದ್ದರು. ಹೆದರಿ ಕೂತವರ ಪಕ್ಕ ಕೂತು ಧೈರ್ಯ ಹೇಳುವುದು ಕಂಡಕ್ಟರನ ಕೆಲಸ. ಅದರಲ್ಲಿ ಅವನದು ಎತ್ತಿದ ಕೈ.

ಮಳೆಗಾಲ ಮುಗಿದ ಮೇಲೆ ಬಂದ ತಂಡ ಆಪರೇಷನ್ ಮಾಡುವ ಕೊನೆಯ ದಿನ, ಹಿರಿಯ ನರ್ಸ್ ಓಡಿ ಬಂದಳು. "ಕಂಡಕ್ಟ್ರೇ, ಆ ತರಕಾರಿಯಮ್ಮ ಹಾಸಿಗೆಯಿಂದ ಎದ್ದು ಹೊರಟುಬಿಟ್ಲು. ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ."

ತರಕಾರಿಯಮ್ಮನ ಕತ್ತಿನಲ್ಲಿ ಮಾವಿನಕಾಯಿ ಗಾತ್ರದ ಗಡ್ಡೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಗಡ್ಡೆ ತೆಗೆಯುವಾಗ ದನಿಯ ನರಕ್ಕೆ ಪೆಟ್ಟು ಬೀಳುವ ಸಾಧ್ಯತೆ ಸ್ವಲ್ಪ ಇದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವಳು ಅಷ್ಟೇ ಕೇಳಿಸಿಕೊಂಡು ಎದ್ದಿದ್ದಳು.

ಗೇಟಿನ ಕಟ್ಟೆಯ ಮೇಲೆ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಂಡಕ್ಟರ ಪಕ್ಕದಲ್ಲಿ ಕೂತ.

"ಏನ್ ತಂಗೀ, ಇಷ್ಟು ದೂರ ಬಂದು ಬಾಗಿಲಲ್ಲಿ ಇಳಿದುಬಿಟ್ರೆ ಹೇಗೆ?"

"ನಾನು ಕೂಗಿ ಮಾರೋಳು ಅಣ್ಣಾ. ದನಿ ಹೋದ್ರೆ ನನ್ನ ಹತ್ರ ಯಾರು ಬರ್ತಾರೆ?"

"ಏನೂ ಆಗಲ್ಲ. ಡಾಕ್ಟ್ರುಗಳು ಹೇಳಬೇಕಲ್ಲ ಅಂತ ಹೇಳ್ತಾರೆ, ಅಷ್ಟೇ."

"ಆದ್ರೆ?"

"ಆದ್ರೆ ನಾನೇ ಬಂದು ಕೂಗ್ತೀನಿ, ಸರಿನಾ?"

ಅವಳು ನಕ್ಕಳು. ನಕ್ಕವರು ಅರ್ಧ ಒಪ್ಪಿದ ಹಾಗೆ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಗಂಟನ್ನು ತಾನೇ ಎತ್ತಿಕೊಂಡು ಒಳಗೆ ನಡೆದ. ಅವಳು ಹಿಂದೆ ಬಂದಳು.

ಗಡ್ಡೆ ಹೋಯಿತು. ದನಿಯೂ ಹೋಯಿತು. ಮಾರನೆಯ ದಿನ ಬಾಯಿ ತೆರೆದರೆ ಬರೀ ಗಾಳಿ. ನರ ನೊಂದಿದೆ, ತಿಂಗಳುಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಹೇಳಿ ಡಾಕ್ಟರುಗಳು ಗಾಡಿ ಹತ್ತಿದರು. ಕಂಡಕ್ಟರ ಅವಳ ಹಾಸಿಗೆಯ ಕಡೆ ಹೋಗದೆ ಇನ್ನೊಂದು ಬಾಗಿಲಿನಿಂದ ಓಡಾಡಿದ.

"ನಿಮ್ಮದೇನೂ ತಪ್ಪಿಲ್ಲ ಬಿಡಿ. ಗಡ್ಡೆ ಹಾಗೇ ಬಿಟ್ಟಿದ್ರೆ ಒಂದು ದಿನ ಅವಳ ಉಸಿರೇ ನಿಲ್ತಿತ್ತು" ಅಂದಳು ನರ್ಸ್. ಅವನು ತಲೆಯಾಡಿಸಿದ. ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ.

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಅವಳು ವಿಳಾಸ ಕೇಳಿಕೊಂಡು ಅವನ ಮನೆಗೇ ಬಂದಳು. ಕತ್ತಿಗೆ ಸೆರಗು ಸುತ್ತಿದ್ದಳು. ಬಾಗಿಲು ತೆರೆದ ಹೆಂಡತಿ, ಬಂದವಳ ಪಿಸುಮಾತು ಕೇಳಿಸದೆ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದಳು. ಆಮೇಲೆ ಒಳಗೆ ತಿರುಗಿ, "ರೀ, ಕೂಗೋಕೆ ಬರ್ತೀನಿ ಅಂದಿದ್ರಂತೆ. ಮಾತು ಕೊಡೋವಾಗ ಇದ್ದ ಬಾಯಿ ಈಗೆಲ್ಲಿ ಹೋಯ್ತು? ಹೊರಡಿ" ಅಂದಳು.

ಅವನು ಚಪ್ಪಲಿ ಮೆಟ್ಟಿಕೊಂಡ.

ತರಕಾರಿ ಮಾರುಕಟ್ಟೆಯಲ್ಲಿ ಅವಳ ಜಾಗ ನಲ್ಲಿಕಟ್ಟೆಯ ಪಕ್ಕ. ಕೂಗು ಗಂಟಲಿಂದ ಹೊರಡಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಹೊರಟಾಗ ಹಳೇ ಚಾಳಿಯೇ ಹೊರಟಿತು.

"ಟೊಮೇಟೊ, ಈರುಳ್ಳಿ, ಬದನೇಕಾಯಿ! ಮುಂದೆ ಬನ್ನಿ, ಮುಂದೆ ಬನ್ನಿ, ಒಳಗಡೆ ಜಾಗ ಇದೆ!"

ಎದುರಿನ ಆಲೂಗಡ್ಡೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ತರಕಾರಿಯಮ್ಮ ಹಣೆ ಚಚ್ಚಿಕೊಂಡಳು. ಆದರೂ ಜನ ತಿರುಗಿ ನೋಡಿದರು, ಕೆಲವರು ಬಂದರು. ಚೌಕಾಸಿಯಲ್ಲಿ ಅವನು ಪೂರ್ತಿ ದಡ್ಡ. ಯಾರು ಏನು ಕೇಳಿದರೂ "ಆಯ್ತು ತಗೊಳ್ಳಿ" ಅನ್ನುತ್ತಿದ್ದ. ಅವಳು ತೂಕದ ಕಲ್ಲನ್ನು ತಕ್ಕಡಿಯ ತಟ್ಟೆಗೆ ಬಡಿಯತೊಡಗಿದಳು. ಒಂದು ಬಡಿತಕ್ಕೆ ಆಗಲ್ಲ ಎಂದರ್ಥ. ಬಡಬಡ ಬಡಿದರೆ, ಬಾಯಿ ಮುಚ್ಚು ಎಂದರ್ಥ.

ದಿನಾ ಬೆಳಿಗ್ಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿ ಮನೆಗೆ ಬಂದು ಸುಮ್ಮನೆ ಮಲಗುತ್ತಿದ್ದ. ಆ ತಾಯಿ ಚೆನ್ನಾಗಿರಲಿ ಎಂದು ಹೆಂಡತಿ ನೆರೆಮನೆಯವಳ ಹತ್ತಿರ ಹೇಳಿದಳು.

ಚಳಿ ಇಳಿಯುತ್ತಿದ್ದ ಕಾಲ. ಒಬ್ಬ ಹೆಂಗಸು ಟೊಮೇಟೊ ರಾಶಿಗೆ ಕೈಹಾಕಿ ಒಂದೊಂದನ್ನೇ ಒತ್ತಿ ನೋಡುತ್ತಿದ್ದಳು. ಕಂಡಕ್ಟರ ಇನ್ನೊಬ್ಬರಿಗೆ ಈರುಳ್ಳಿ ತೂಗುತ್ತಿದ್ದ. ಹಿಂದಿನಿಂದ ತುಕ್ಕು ಹಿಡಿದ ಕದ ತೆರೆದಂಥ ದನಿ ಬಂತು.

"ಹಿಸುಕಬೇಡಮ್ಮಾ!"

ಯಾವ ಗಂಡಸು ಕೂಗಿದನೆಂದು ಅವನು ತಿರುಗಿ ನೋಡಿದ. ತರಕಾರಿಯಮ್ಮ ಕತ್ತಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಇನ್ನೊಮ್ಮೆ ಬಾಯಿ ತೆರೆದಳು, ಗಾಳಿ ಬಂತು. ಚೀಲಗಳ ಹಿಂದೆ ಹೋಗಿ ಕೂತಳು. ಅವನು ಆ ಕಡೆ ನೋಡದೆ ಹೆಂಗಸಿಗೆ ಟೊಮೇಟೊ ತೂಗಿಕೊಟ್ಟ.

ಆಮೇಲೆ ದನಿ ದಿನಕ್ಕಿಷ್ಟು ದಿನಕ್ಕಿಷ್ಟು ಬಂತು. ಮೊದಲಿನದಲ್ಲ, ಮಾರುಕಟ್ಟೆಯ ಆ ತುದಿಗೆ ಕೇಳಿಸುತ್ತಿತ್ತೆಂದು ಜನ ಹೇಳುವ ಆ ದನಿ ಬರಲೇ ಇಲ್ಲ. ಇದು ದಪ್ಪ, ಒಡಕು. ಆದರೆ ದನಿ.

"ನಾಳೆಯಿಂದ ಬರೋದು ಬೇಡ ಅಣ್ಣಾ" ಅಂದಳು ಒಂದು ಮಧ್ಯಾಹ್ನ, ತಕ್ಕಡಿ ಒರೆಸುತ್ತಾ.

"ಇನ್ನೂ ಪೂರ್ತಿ ಬಂದಿಲ್ವಲ್ಲ."

"ಬಂದಷ್ಟು ಸಾಕು. ನೀವಿದ್ರೆ ಬದನೇಕಾಯಿಯೆಲ್ಲಾ ಬಿಟ್ಟಿ ಹೋಗುತ್ತೆ."

ಅವನು ಖಾಲಿ ಚೀಲಗಳನ್ನು ಮಡಿಸಿದ. ಕೊನೆಗೆ ಕೇಳಿದ: "ನನ್ನ ಮೇಲೆ ಸಿಟ್ಟಿದೆಯಾ ತಂಗೀ?"

ಅವಳು ತಕ್ಕಡಿ ಕೆಳಗಿಟ್ಟಳು.

"ರಾತ್ರಿ ಅಂಗಾತ ಮಲಗಿದಾಗ ಉಸಿರು ಸಲೀಸಾಗಿ ಆಡುತ್ತೆ. ಆಗ ಸಿಟ್ಟಿರಲ್ಲ. ಬೆಳಿಗ್ಗೆ ಕೂಗೋಕೆ ನಿಂತಾಗ ಬರುತ್ತೆ."

"ಹೂಂ" ಅಂದ ಅವನು.

"ದಿನಾ ಬರುತ್ತೆ ಅಂತಲ್ಲ" ಅಂದಳು. ಅಷ್ಟರಲ್ಲಿ ಗಿರಾಕಿ ಬಂದ, ಅವಳು ಆ ಕಡೆ ತಿರುಗಿದಳು.

ಅವನು ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಹೊರಟ. ಆಸ್ಪತ್ರೆಗೆ ಹೊಸ ತಂಡ ಬಂದಿದೆ, ಬನ್ನಿ ಎಂದು ನರ್ಸ್ ಬೆಳಿಗ್ಗೆಯೇ ಫೋನ್ ಮಾಡಿದ್ದಳು. ಮಾರುಕಟ್ಟೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟ. ಅಷ್ಟು ಜನರ ಕೂಗಿನಲ್ಲಿ ಅವಳದು ಯಾವುದೆಂದು ಗೊತ್ತಾಗಲಿಲ್ಲ. ರಸ್ತೆ ದಾಟಿ ಆಸ್ಪತ್ರೆಯ ಕಡೆ ನಡೆದ.