ಕಿಟಕಿಯ ಕೆಳಗೆ

"ಲೇ ಮೋರಿ! ಸತ್ತ್ಯೇನೋ ಒಳಗೆ? ಬೋಳಿಮಗನೆ, ಬಕೆಟ್ಟು ಖಾಲಿ ಬರ್ತಾ ಇದೆ!"

ಮೇಸ್ತ್ರಿ ಗುಂಡಿಯ ಬಾಯಿಗೆ ಬಗ್ಗಿ ಕೂಗಿದ. ಬಗ್ಗಿದ್ದು ಅರೆಗಳಿಗೆ, ಅಷ್ಟೇ. ಆಮೇಲೆ ಮೂಗು ಹಿಡಿದುಕೊಂಡು ಹಿಂದೆ ಸರಿದ.

"ಕಾಲಿಗೆ ಏನೋ ಸಿಕ್ಕೈತೆ ಅಣ್ಣಾ. ಕೀಳ್ತಾ ಇದೀನಿ."

ಸೊಂಟಮಟ್ಟದ ಹೊಲಸಿನಲ್ಲಿ ನಿಂತಿದ್ದವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ವಿಶ್ವವಿದ್ಯಾಲಯದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮೋರಿ ತೊಳೆಯುವವನು ಮೋರಿ, ಅಷ್ಟಕ್ಕೇ ಕೆಲಸ ನಡೆಯುತ್ತಿತ್ತು. ಬಗ್ಗಿ ಎಳೆದಾಗ ಕೈಗೆ ಬಂದದ್ದು ಹೋದ ಸಲದ ಸೆಮಿನಾರಿನ ಹರಿದ ಬ್ಯಾನರು. ಕೊಳವೆ ಇನ್ನೂ ಬಿಟ್ಟುಕೊಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಕಟ್ಟಿದವನು ಈ ಕೆಸರಿಗೆ ಇಳಿದವನಲ್ಲ.

ಗುಂಡಿ ಇದ್ದದ್ದು ಕಲಾ ವಿಭಾಗದ ಹಿತ್ತಿಲಿನಲ್ಲಿ, ಸಭಾಂಗಣದ ಕಿಟಕಿಗೆ ಸರಿಯಾಗಿ ಕೆಳಗೆ. ಒಳಗೆ ಪರಸ್ಥಳದಿಂದ ಬಂದ ವಿದ್ವಾಂಸರು ಕೂತಿದ್ದರು. ಬೆಳಿಗ್ಗೆ ಕಕ್ಕಸಿನ ನೀರು ಹಿಂದಕ್ಕೆ ಹೊಡೆದು ನಾತ ಸಭೆಗೆ ನುಗ್ಗಿತ್ತು. ಹೀರುವ ಯಂತ್ರ ಬರುವುದು ಸಂಜೆಗೆ. ಸಂಜೆತನಕ ದೊಡ್ಡವರ ಮೂಗು ಕಾಯುತ್ತದೆಯೇ? ಇವನನ್ನು ಇಳಿಸಿದರು. ದಿನಾ ಮೇಲೆ ನಿಂತು ಇವನ ಸೊಂಟದ ಹಗ್ಗ ಹಿಡಿಯುವವನು ಇವನ ಭಾವಮೈದ. ಅವನು ಜ್ವರ ಬಂದು ಮನೆಯಲ್ಲಿ ಬಿದ್ದಿದ್ದ. ಮೇಸ್ತ್ರಿ ಹಗ್ಗದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ. ಸರಳಿಗೆ ಜ್ವರ ಬರುವುದಿಲ್ಲ, ಕೂಗಿದರೆ ಕೇಳಿಸುವುದೂ ಇಲ್ಲ.

ಅದೇ ಕಟ್ಟಡದಲ್ಲಿ ಇವನ ಮಗಳು ಇತಿಹಾಸ ಓದುತ್ತಿದ್ದಳು.

ಸೇರಿದ ಹೊಸತರಲ್ಲಿ ಅವಳು ಕ್ಯಾಂಟೀನಿನ ಹತ್ತಿರ ಅಪ್ಪನನ್ನು ಕಂಡು, ಎಲ್ಲರೆದುರು ಚಹಾ ತಂದು ಕೈಗೆ ಕೊಟ್ಟಿದ್ದಳು. ಮರುದಿನ ಅವಳ ಬೆಂಚಿನಲ್ಲಿ ಅವಳೊಬ್ಬಳೇ. ಅಂದು ಮನೆಯಲ್ಲಿ ಅಪ್ಪ ಕಟ್ಟುನಿಟ್ಟು ಮಾಡಿದ: "ಗೇಟಿನ ಒಳಗೆ ನಾನು ನಿನ್ನಪ್ಪ ಅಲ್ಲ, ನೀನು ನನ್ನ ಮಗಳಲ್ಲ. ಹೊರಗೆ ಬಂದ್ಮೇಲೆ ಎಷ್ಟು ಬೇಕಾದ್ರೂ ಅಪ್ಪಾ ಅನ್ನು." ಅವಳು ಅತ್ತಳು, ರಂಪ ಮಾಡಿದಳು, ಕೊನೆಗೆ ಒಪ್ಪಿದಳು. ಅಲ್ಲಿಂದಾಚೆ ಅವಳು ಎದುರಾದರೆ ಇವನು ತಲೆಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡು ಗೋಡೆಗೆ ತಿರುಗಿ ನಿಲ್ಲುತ್ತಿದ್ದ.

ಕೇರಿಯವರು ಆಡಿಕೊಳ್ಳುತ್ತಿದ್ದರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಸತ್ತೋರ ಕಥೆ ಓದಿದ್ರೆ ಯಾವನು ಕೆಲಸ ಕೊಡ್ತಾನೋ?" ಇವನು ನಕ್ಕುಬಿಡುತ್ತಿದ್ದ. ಮಗಳು ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುವಾಗ ಒಂದು ಮಾತೂ ತಿಳಿಯುತ್ತಿರಲಿಲ್ಲ. ತಿಳಿಯದೆ ಇದ್ದದ್ದೇ ಅವನಿಗೆ ಹಿಗ್ಗು. ತನಗೆ ಗೊತ್ತಿದ್ದದ್ದೆಲ್ಲ ಗುಂಡಿಯ ಮಾತು. ಇವು ಆ ಮಾತಲ್ಲ ಅಂದಮೇಲೆ ಹುಡುಗಿ ಪಾರಾದಳು ಅಂತಲೇ ಲೆಕ್ಕ.

ಗುಂಡಿಯವರ ಬಗ್ಗೆ ಬರೆಯಬೇಕು ಅಂತ ಅವಳಿಗೆ ಆಸೆಯಿತ್ತು. "ಅದಕ್ಕೆ ದಾಖಲೆ ಎಲ್ಲಿದೆಯಮ್ಮ? ದಾಖಲೆ ಇಲ್ಲದ್ದು ಇತಿಹಾಸ ಆಗಲ್ಲ" ಅಂದಿದ್ದರು ಅವಳ ಮೇಷ್ಟ್ರು. ಅಪ್ಪನೂ ಮೇಷ್ಟ್ರ ಕಡೆಗೇ ವಾಲಿದ. "ನಮ್ಮ ಗಬ್ಬು ಯಾರಿಗೆ ಬೇಕು? ರಾಜರ ವಿಷಯ ಬರಿ." ಬರೆದಳು. ಇವತ್ತು ದೊಡ್ಡವರ ಮುಂದೆ ಅದನ್ನೇ ಓದುವವಳಿದ್ದಳು. ಅವರು ತಲೆದೂಗಿದರೆ ಸಂಶೋಧನೆಗೆ ಇರುವ ಒಂದೇ ಸೀಟು ಅವಳದ್ದು. ಇಲ್ಲದಿದ್ದರೆ ಓದು ಇಲ್ಲಿಗೇ ಮುಗಿಯಿತು.

ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹಿತ್ತಿಲಿಗೆ ಬಂದರು. ಕೆಟ್ಟ ಮನುಷ್ಯರೇನಲ್ಲ. ಇವನು ಯಾರ ಅಪ್ಪ ಅನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

"ಬೇಗ ಮುಗಿಸಪ್ಪ, ಪುಣ್ಯ ಬರುತ್ತೆ. ಈಗ ನಮ್ಮ ಹುಡುಗಿ ಓದ್ತಾಳೆ. ತುಂಬ ಜಾಣೆ. ಈ ವಾಸನೆಯಿಂದ ಅವಳ ಭವಿಷ್ಯ ಹಾಳಾಗಬಾರದು ನೋಡು."

"ಆಯ್ತು ಬುದ್ದಿ, ಈಗ ಮುಗಿಸ್ದೆ" ಅಂದ. ಜಾಣೆ ಅಂದದ್ದು ಅವನ ಕಿವಿಯಲ್ಲೇ ಉಳಿಯಿತು. ಉಸಿರು ಕಟ್ಟಿ, ತೋಳು ಮುಳುಗುವ ತನಕ ಬಗ್ಗಿ ಬಾಚತೊಡಗಿದ.

ಗೋಡೆಯ ಮೇಲಿನ ಸ್ಪೀಕರಿನಲ್ಲಿ ಮಗಳ ದನಿ ಬಂತು. ನಡುಗಲಿಲ್ಲ, ತಡವರಿಸಲಿಲ್ಲ. ಯಾವುದೋ ರಾಜ, ಯಾವುದೋ ಕಂದಾಯ. ಅಷ್ಟರಲ್ಲಿ ಗಂಟಲು ಸರಿಮಾಡಿಕೊಂಡು ಯಾರೋ ಹಿರಿಯರು ನಡುವೆ ಬಾಯಿ ಹಾಕಿದರು: "ಸ್ವಲ್ಪ ಆ ಕಿಟಕಿ ಮುಚ್ಚಮ್ಮ. ಕೂರೋಕೇ ಆಗ್ತಿಲ್ಲ."

ಅವಳು ಕಿಟಕಿಗೆ ಬಂದಳು. ಕದಕ್ಕೆ ಕೈ ಹಾಕಿದಳು. ಸರಳಿಗೆ ಕಟ್ಟಿದ ಹಗ್ಗ ಕಂಡಿತು, ಹಗ್ಗದ ಜೊತೆಗೇ ಕಣ್ಣು ಕೆಳಗಿಳಿಯಿತು. ಅಪ್ಪ ತಲೆಬಟ್ಟೆ ಎಳೆದುಕೊಂಡು ಗುಂಡಿಯ ಗೋಡೆಗೆ ಮುಖ ಮಾಡಿದ. ಮುಚ್ಚು ತಾಯಿ, ಮುಚ್ಚಿ ಹೋಗು ಅಂತ ಮನಸ್ಸಿನಲ್ಲೇ ಅಂಗಲಾಚಿದ.

ಕದ ಮುಚ್ಚಲಿಲ್ಲ. ಅವಳ ಹೆಜ್ಜೆ ಮೈಕಿನ ಕಡೆಗೆ ತಿರುಗಿತು.

"ಕಿಟಕಿ ಮುಚ್ಚೋಕೆ ಆಗಲ್ಲ" ಅಂದಿತು ಸ್ಪೀಕರಿನಲ್ಲಿ ಮಗಳ ದನಿ. "ಕೆಳಗೆ ನಮ್ಮಪ್ಪ ಇದಾನೆ. ಅವನು ಮೇಲೆ ಬರೋವರೆಗೂ ನಾನು ಓದಲ್ಲ."

ಗುಜುಗುಜು ಎದ್ದಿತು. ಯಾರೋ ಮೈಕು ಆರಿಸಿದರು.

ಅವಳು ಓಡಿಬಂದಳು. ಹಿಂದೆಯೇ ಮೇಷ್ಟ್ರು.

"ಅಪ್ಪಾ, ಮೇಲೆ ಬಾ."

ಅವನು ತಲೆ ಎತ್ತಿದ. "ಯಾರಮ್ಮ ನೀನು? ನಂಗೆ ಮಕ್ಕಳಿಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ನೋಡು, ಅವನೇ ಅಲ್ಲ ಅಂತಾನೆ. ನಿನಗೆ ತಲೆ ಸುತ್ತಿತು ಅಂತ ನಾನು ಹೇಳ್ತೀನಿ. ಬಾ, ಬಂದು ಓದು."

"ಹೋಗಮ್ಮ, ದೊಡ್ಡೋರು ಕರೀತಾವ್ರೆ."

"ಅಪ್ಪಾ!"

"ಹೋಗೇ ಬಿಕನಾಸಿ! ಸೀಟು ಹೋಗುತ್ತೆ ಕಣೇ!"

ಬಾಯಿ ಜಾರಿತ್ತು. ಮೇಷ್ಟ್ರು ಅವನನ್ನು ನೋಡಿದರು, ಅವಳನ್ನು ನೋಡಿದರು. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಒಳಗೆ ನಡೆದರು. ಸ್ವಲ್ಪ ಹೊತ್ತಿಗೆ ಯಾರದೋ ಕೈ ಕಿಟಕಿ ಮುಚ್ಚಿತು. ಸ್ಪೀಕರಿನಲ್ಲಿ ಬೇರೊಬ್ಬ ಹುಡುಗನ ಹೆಸರು ಕೂಗಿದರು.

"ಹಾಳು ಮಾಡ್ಕೊಂಡ್ಯಲ್ಲೇ" ಅಂತ ಅಪ್ಪ ಗುಂಡಿಯೊಳಗೆ ಅತ್ತ. "ಕೈಯಾರೆ ಹಾಳು ಮಾಡ್ಕೊಂಡ್ಯಲ್ಲೇ."

"ಮೊದ್ಲು ಮೇಲೆ ಬಾ. ಹಗ್ಗ ಕಿಟಕಿಗೆ ಕಟ್ಟವ್ರೆ. ನಿಂಗೇನಾದ್ರೂ ಆದ್ರೆ ಕಿಟಕಿ ಬಂದು ಎಳೆಯುತ್ತಾ?"

"ಮುಗಿಸ್ದೆ ಹತ್ತಿದ್ರೆ ನಾಳೆಯಿಂದ ನೀನೂ ಬರಬೇಡ, ನಿನ್ನ ಭಾವಮೈದನೂ ಬರಬೇಡ" ಅಂದ ಮೇಸ್ತ್ರಿ.

ಅಪ್ಪ ಹತ್ತಲಿಲ್ಲ. ಮತ್ತೆ ಬಗ್ಗಿ ಕೈ ಮುಳುಗಿಸಿದ.

ಮಗಳು ಚಪ್ಪಲಿ ಬಿಟ್ಟಳು. "ನೀನು ಬರಲ್ವಾ? ನಾನೇ ಬಂದು ಎಳ್ಕೊಂಡು ಹೋಗ್ತೀನಿ."

ಬೆಳಕು ಮಂಕಾಯಿತು. ಅಪ್ಪ ತಲೆ ಎತ್ತಿದರೆ, ಗೋಡೆಯ ಕಬ್ಬಿಣದ ಮೆಟ್ಟಿಲ ಮೇಲೆ ಮಗಳ ಪಾದ. "ಬೇಡ ಕಣೇ! ಬೇಡ! ಇದಕ್ಕಾ ನಿನ್ನ ಓದಿಸಿದ್ದು?" ಹಿಮ್ಮಡಿ ಹಿಡಿದು ಮೇಲಕ್ಕೆ ತಳ್ಳಲು ಕೈ ಚಾಚಿದ. ಮೊಣಕೈತನಕ ಹೊಲಸು ಸುರಿಯುತ್ತಿತ್ತು. ಆ ಕೈಯಿಂದ ಮಗಳನ್ನು ಮುಟ್ಟಲಾಗಲಿಲ್ಲ. ಇನ್ನೊಂದು ಪಾದವೂ ಕೆಳಗಿಳಿಯಿತು.

"ಬರ್ಲಿ ಬಿಡೋ" ಅಂದ ಮೇಸ್ತ್ರಿ. "ಇಬ್ರಾದ್ರೆ ಊಟದ ಹೊತ್ತಿಗೆ ಮುಗಿಯುತ್ತೆ."

ಅವಳ ಹಿಂದೆಯೇ ಎರಡನೇ ಬಕೆಟ್ಟನ್ನು ಇಳಿಬಿಟ್ಟ.